ಎರಡನೇ ಅಯಸ್ಕಾಂತ

ಹುಲಿಗೆಮ್ಮನ ಗಾಡಿಗೆ ಮಾಪಕ ಕೂರಿಸಿದವನು ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ಸಮಿತಿಯವರ ಮೇಲೆ ನಾನು ಸಿಟ್ಟಾಗುವಾಗ, ಇವನೊಬ್ಬ ನ್ಯಾಯವಂತ ಎಂದು ಯಾರೂ ತಿಳಿಯಬಾರದು. ಸಿಟ್ಟು ಬರಬೇಕಾದ ಹೊತ್ತಿನಲ್ಲಿ ಅದು ನನಗೆ ಬರಲಿಲ್ಲ. ತಡವಾಗಿ ಬಂದ ಸಿಟ್ಟಿಗೆ ಹೊಟ್ಟೆಯೊಳಗೇ ಕೊಳೆಯುವ ಗುಣವಿದೆ.

ನಮ್ಮದು ಎರಡು ದಂಡೆಯ ಊರು. ನಡುವೆ ನದಿಯಿಲ್ಲ, ಬಯಲಿದೆ. ಉಸುಕು ಮತ್ತು ಸವಳು ನೆಲದ, ಅರ್ಧ ಕಿಲೋಮೀಟರ್ ಅಗಲದ ಬಯಲು. ಅದರೊಳಗೆ ಕಾಲಿಟ್ಟವರು ತಮ್ಮ ಮಾತನ್ನು ಅಲ್ಲೇ ಬಿಟ್ಟು ಬರುತ್ತಾರೆ. ಕೈಕಾಲು ನೆಟ್ಟಗಿರುತ್ತವೆ, ಹಸಿವು ನಿದ್ದೆ ಇರುತ್ತದೆ, ದುಡಿಯುತ್ತಾರೆ, ಮದುವೆಯಾಗುತ್ತಾರೆ. ಮಾತು ಮಾತ್ರ ಮರಳುವುದಿಲ್ಲ. ಅವರನ್ನು ನಾವು ಇಳಿದವರು ಎನ್ನುತ್ತೇವೆ. ಎರಡನೇ ಸಲ ಇಳಿದವರು ತಿರುಗಿ ಬಂದದ್ದಿಲ್ಲ. ಈ ದಂಡೆಯಲ್ಲಿ ಅಂಥವರು ಒಂಬತ್ತು ಮಂದಿ. ಗಾಳಿಗೆ ಹಾರಿದ ಹೊಸ ಸೀರೆಯ ಬೆನ್ನು ಹತ್ತಿ ಇಳಿದವಳೊಬ್ಬಳು, ಕುಡಿದು ಇಳಿದವನೊಬ್ಬ. ಇನ್ನೊಬ್ಬ ಹೆಂಡತಿಯೊಡನೆ ಜಗಳವಾಡುತ್ತ ಬೇಕೆಂದೇ ಇಳಿದವನು. "ಇನ್ನ ನೀ ಒಬ್ಬಾಕಿನ ಮಾತಾಡು" ಅಂದನಂತೆ. ಅದೇ ಅವನ ಕೊನೆಯ ಮಾತು. ಆಕೆ ಆಮೇಲೆ ಜಗಳವಾಡುವುದನ್ನೇ ಬಿಟ್ಟಳು ಎಂದು ಜನ ಹೇಳುತ್ತಾರೆ.

ಬಯಲನ್ನು ಸುತ್ತಿಬಳಸಿ ಆಚೆ ದಂಡೆಗೆ ಹೋಗಲು ಗುಡ್ಡದ ಹಾದಿಯಿದೆ, ಒಂದೂವರೆ ದಿನ ಹಿಡಿಯುತ್ತದೆ. ಆದ್ದರಿಂದ ಹಾಲು, ಮೊಟ್ಟೆ, ಲಗ್ನಪತ್ರಿಕೆ, ದುರಸ್ತಿಯಾದ ಕನ್ನಡಕ, ಎಲೆಯಡಿಕೆ, ಔಷಧಿ ಎಲ್ಲವೂ ರಿಮೋಟ್ ಗಾಡಿಗಳಲ್ಲಿ ದಾಟುತ್ತವೆ. ಬೇರೆ ಊರುಗಳಲ್ಲಿ ಇಂಥವನ್ನು ಆಟಿಕೆ ಅನ್ನುತ್ತಾರಂತೆ. ಜೀಪು, ಲಾರಿಗಳ ಮಾದರಿಗಳು. ಮೊಳದುದ್ದದ ಮೈ, ಅಂಗೈಯಗಲದ ಗಾಲಿ, ಬೆನ್ನ ಮೇಲೊಂದು ತಗಡಿನ ಪೆಟ್ಟಿಗೆ. ಇದಕ್ಕಿಂತ ಭಾರದ್ದು ಸವಳಿನಲ್ಲಿ ಹೂತುಹೋಗುತ್ತದೆ. ಬಯಲಿನ ಅಂಚಿಗೆ ಕಲ್ಲಿನ ಕಟ್ಟೆಯಿದೆ. ಓಡಿಸುವವರು ಅದರ ಮೇಲೆ ನಿಂತು, ಕೊರಳಿಗೆ ರಿಮೋಟ್ ತೂಗುಹಾಕಿಕೊಂಡು, ಕಣ್ಣು ಕಿರಿದು ಮಾಡಿ ಗಾಡಿ ದಾಟಿಸುತ್ತಾರೆ. ಒಟ್ಟು ಇಪ್ಪತ್ಮೂರು ಮಂದಿ. ಹುಲಿಗೆಮ್ಮ ಅವರಲ್ಲಿ ಹಿರಿಯಳು. ಇಪ್ಪತ್ತು ವರ್ಷದಿಂದ ಓಡಿಸುತ್ತಿದ್ದಾಳೆ. ಅವಳ ರಿಮೋಟಿನ ಗುಂಡಿಗಳ ಮೇಲಿನ ಗುರುತುಗಳು ಅವಳ ಹೆಬ್ಬೆರಳಿಗೆ ಸವೆದು ಎಂದೋ ಅಳಿಸಿಹೋಗಿವೆ. ಉಸುಕಿನ ಯಾವ ದಿಬ್ಬ ನಿನ್ನೆಯ ಗಾಳಿಗೆ ಎಲ್ಲಿಗೆ ಸರಿದಿದೆ ಎಂದು ಬೆಳಗಿನ ಚಹಾ ಮುಗಿಯುವುದರೊಳಗೆ ಹೇಳಬಲ್ಲಳು. ಗಾಡಿ ಓಡಿಸುವುದನ್ನು ಬಿಟ್ಟರೆ ಅವಳಿಗೆ ಬೇರೆ ಕಸುಬು ಗೊತ್ತಿಲ್ಲ, ಬೇಕಾಗಿಯೂ ಇಲ್ಲ.

ಹೋದ ಬೇಸಿಗೆಯಲ್ಲಿ ನಾಲ್ಕು ಗಾಡಿಗಳ ಮೋಟರು ಸುಟ್ಟವು. ಬಯಲು ಸಮಿತಿಯ ಅಧ್ಯಕ್ಷ ಮರಿಶಾಂತಪ್ಪ ನನ್ನನ್ನು ಕರೆಸಿದ. "ಬಿಎಸ್ಸಿ ಮುಗಿಸಿ ಎರಡ ವರ್ಷ ಆತು, ಆ ಟೇಲರ್ ಅಂಗಡ್ಯಾಗ ಕುಂತ ಗ್ವಾಡಿ ನೋಡ್ತಿ. ಊರಿಗೆ ಉಪಯೋಗ ಆಗು" ಎಂದ. ಗೋಡೆ ನೋಡುತ್ತೇನೆಂಬುದು ಸುಳ್ಳಲ್ಲ. ಟೇಲರ್ ದಾವಲಸಾಬ ಇಳಿದವರಲ್ಲೊಬ್ಬ. ಅವನ ಅಂಗಡಿಯಲ್ಲಿ ಹೊಲಿಗೆ ಯಂತ್ರದ ಸದ್ದು ಬಿಟ್ಟರೆ ಬೇರೇನಿಲ್ಲ. ಮುಂದೇನು ಮಾಡುತ್ತಿ ಎಂದು ಅಲ್ಲಿ ಯಾರೂ ಕೇಳುವುದಿಲ್ಲ. ಮಾತಿಲ್ಲದ ಜಾಗಗಳಿಗೆ ನಾನು ಚಿಕ್ಕಂದಿನಿಂದ ಒಲಿದವನು. ಎಷ್ಟೋ ಸಲ ಬಯಲಿನ ಅಂಚಿಗೆ ನಿಂತು, ಒಂದು ಹೆಜ್ಜೆ ಇಟ್ಟರೆ ಎಷ್ಟು ಹಗುರ, ಎಂದುಕೊಂಡಿದ್ದೇನೆ.

ಕೆಲಸ ಮಾತ್ರ ನನಗೆ ಹಿಡಿಸಿತು. ಮೋಟರಿನ ಲೋಹದ ಮೈಗೆ ಶಾಖದ ಮಾಪಕವನ್ನು, ಗಾಳಿ ತಾಗದ ಕಡೆ ನೋಡಿ, ಬಿಸಿಗೆ ಬಿಡದ ಟೇಪಿನಿಂದ ಒತ್ತಿ ಅಂಟಿಸಬೇಕು. ಗಾಳಿಗೆ ಸಿಕ್ಕರೆ ಅದು ಮೋಟರಿನ ಬಿಸಿ ಬಿಟ್ಟು ಗಾಳಿಯ ಬಿಸಿ ಹೇಳುತ್ತದೆ. ವೇಗಕ್ಕೆ, ಗಾಲಿಯ ಒಳಮೈಯಲ್ಲಿ ಅಕ್ಕಿಕಾಳಿನಷ್ಟು ಅಯಸ್ಕಾಂತ ಕೂರಿಸಿ, ಅದರೆದುರು ಗಾಡಿಯ ಚೌಕಟ್ಟಿಗೆ ಇನ್ನೊಂದು ಮಾಪಕ ಬಿಗಿಯಬೇಕು. ನಡುವೆ ಅಂಚೆ ಕಾರ್ಡು ತೂರುವಷ್ಟೇ ಸಂದು. ಅಯಸ್ಕಾಂತ ಎದುರಿಗೆ ಬಂದಾಗಲೊಮ್ಮೆ ಅದು ಒಂದು ಸುತ್ತು ಎಂದು ಎಣಿಸುತ್ತದೆ, ಸುತ್ತಿನಿಂದ ವೇಗ. ಎರಡೂ ಅಂಕಿಗಳು ರಿಮೋಟಿನ ಪುಟ್ಟ ಪರದೆಯಲ್ಲಿ ಕಾಣುತ್ತವೆ, ಸಮಿತಿಯ ಕಚೇರಿಯಲ್ಲೂ ದಾಖಲಾಗುತ್ತವೆ. ಮೋಟರು ತೊಂಬತ್ತು ಡಿಗ್ರಿ ದಾಟಿದರೆ ರಿಮೋಟು ಕೂಗಿಕೊಳ್ಳುತ್ತದೆ.

ಒಬ್ಬೊಬ್ಬರ ಹತ್ತಿರವೂ ಹೋಗಿ ನಾನು ಮಾತು ಕೊಟ್ಟೆ: ಇದು ಗಾಡಿಯ ಜ್ವರ ನೋಡಲಿಕ್ಕೆ, ನಿಮ್ಮ ತಪ್ಪು ಹುಡುಕಲಿಕ್ಕಲ್ಲ. ಮರಿಶಾಂತಪ್ಪ ನನಗೆ ಹಾಗೇ ಹೇಳಿದ್ದ, ನಾನು ನಂಬಿದ್ದೆ. "ಡಿಗ್ರಿ ಮಾಡಿದಾಂವ ಡಿಗ್ರಿ ನೋಡಾಕ ಬಂದಾನ್ರವಾ" ಎಂದು ಹುಲಿಗೆಮ್ಮ ಕಟ್ಟೆಯನ್ನೆಲ್ಲ ನಗಿಸಿದಳು. ನಾನು ಅವಳ ಗಾಡಿಗೆ ಎಲ್ಲ ಜೋಡಿಸಿ ಕೊಟ್ಟೆ. ಅವಳು ಹತ್ತು ಮಾರು ಓಡಿಸಿ ನಿಲ್ಲಿಸಿದಳು. "ಎಡಗಾಲಿ ಕುಂಟಾಕತ್ತೈತಿ, ತಮ್ಮಾ." ನನಗೇನೂ ಕಾಣಲಿಲ್ಲ. "ನಿನಗ ಕಾಣೂದಿಲ್ಲೋ. ನನ್ನ ಹೆಬ್ಬೆರಳಿಗೆ ಕಾಣತೈತಿ." ಗಾಲಿ ಹಳೆಯದು, ಸವೆದು ಹಗುರಾಗಿತ್ತು, ಅಷ್ಟು ಸಣ್ಣ ಅಯಸ್ಕಾಂತದ ತೂಕಕ್ಕೂ ಓಲುತ್ತಿತ್ತು. ತೂಕ ಸರಿದೂಗಿಸಲೆಂದು ಅದರ ಎದುರು ಬದಿಗೆ ಇನ್ನೊಂದು ಅಯಸ್ಕಾಂತ ಕೂರಿಸಿದೆ. ಗಾಲಿ ಶಾಂತವಾಯಿತು. ಈಗ ಒಂದು ಸುತ್ತಿಗೆ ಎರಡು ಎಣಿಕೆ ಎಂದು ಯಂತ್ರಕ್ಕೆ ತಿಳಿಸಬೇಕಿತ್ತು. ಅಷ್ಟರಲ್ಲಿ ಅವಳು ಬುತ್ತಿ ಬಿಚ್ಚಿದಳು. ಜೋಳದ ರೊಟ್ಟಿ, ಪುಂಡಿಪಲ್ಲೆ. "ಮೊದಲ ಉಣ್ಣು, ಗಾಳಿಗೆ ಹಾರಿ ಹೋಗೂ ಹಂಗ ಆಗೀದಿ." ಉಂಡೆ, ಕೈ ತೊಳೆದುಕೊಂಡೆ, ಮುಂದಿನ ಗಾಡಿಗೆ ಹೋದೆ. ತಿಳಿಸುವುದು ಮರೆತೇಹೋಯಿತು. ಹುಲಿಗೆಮ್ಮನಂತೂ ಪರದೆ ನೋಡಿ ಓಡಿಸುವವಳಲ್ಲ.

ಹದಿನೈದು ದಿನ ಕಳೆದಿರಲಿಲ್ಲ, ಕಟ್ಟೆಗೊಂದು ಫಲಕ ಬಂತು. ಗಂಟೆಗೆ ಇಪ್ಪತ್ತೈದು ಕಿಲೋಮೀಟರ್ ಮೀರಿದವರ ರಿಮೋಟನ್ನು ಮುಟ್ಟುಗೋಲು ಹಾಕಲಾಗುವುದು. ಇಪ್ಪತ್ತೈದು ಎಲ್ಲಿಂದ ಬಂತೋ. ಫಲಕ ಬರೆಸಿದ ಮರಿಶಾಂತಪ್ಪ ಹುಟ್ಟಿದಾಗಿನಿಂದ ಒಂದು ಗಾಡಿಯನ್ನೂ ದಾಟಿಸಿದವನಲ್ಲ. ಬಯಲಿನ ನಡುವೆ ಮೆತ್ತನೆಯ ಉಸುಕಿನ ಪಟ್ಟಿಯೊಂದಿದೆ. ಅಲ್ಲಿ ಓಡಿದ ಗಾಡಿ ದಾಟುತ್ತದೆ, ತೆವಳಿದ ಗಾಡಿ ಹೂಳುತ್ತದೆ, ಹೂತ ಗಾಡಿಯ ಮೋಟರು ಸುಡುತ್ತದೆ. ಇದು ಕಟ್ಟೆಯ ಮೇಲೆ ನಿಂತ ಎಲ್ಲರಿಗೂ ಗೊತ್ತು. ಯಾರನ್ನೂ ಕೇಳಲಿಲ್ಲ. ಜ್ವರ ನೋಡಲು ತಂದ ಯಂತ್ರವನ್ನು ಬೆತ್ತ ಮಾಡಿಕೊಂಡರು. ಯಾರ ಮೇಲೆ ದೂರು ಬಂತೋ ಅವರ ದಾಖಲೆ ಮಾತ್ರ ತೆಗೆದು ನೋಡುತ್ತಿದ್ದರು; ಹಾಗೆ ಆರು ಮಂದಿಯ ರಿಮೋಟು ಒಂದೊಂದು ವಾರ ಕಚೇರಿಯ ಕಪಾಟು ಸೇರಿತು. ನಾನು ಕೊಟ್ಟ ಮಾತನ್ನು ಯಾರಾದರೂ ನೆನಪಿಸುತ್ತಾರೆಂದು ಕಟ್ಟೆಯ ಕಡೆ ಹೋಗುವುದನ್ನೇ ಬಿಟ್ಟೆ.

ಆಮೇಲೆ ಒಂದು ಸೋಮವಾರ, ಆಚೆ ದಂಡೆಯ ದವಾಖಾನೆಗೆಂದು ಹುಲಿಗೆಮ್ಮನ ಗಾಡಿಯಲ್ಲಿ ಹೋದ ಹನ್ನೆರಡು ಔಷಧಿ ಬಾಟಲಿಗಳಲ್ಲಿ ಏಳು ಒಡೆದವು. ಪೆಟ್ಟಿಗೆ ತುಂಬಿದವನು ಸಮಿತಿಯ ಉಗ್ರಾಣ ನೋಡಿಕೊಳ್ಳುವ ಗುಡದಪ್ಪ, ಮರಿಶಾಂತಪ್ಪನ ಅಳಿಯ. ಬಾಟಲಿಗಳ ನಡುವೆ ಹುಲ್ಲಿಲ್ಲ, ಹತ್ತಿಯಿಲ್ಲ, ಒಂದು ಹಳೆ ಕಾಗದವೂ ಇಲ್ಲ. ಆದರೆ ಕಚೇರಿಯ ದಾಖಲೆಯಲ್ಲಿ ಅಂಕಿಯೊಂದು ಸಿಕ್ಕಿತು: ನಲವತ್ತಾರು. ಅದನ್ನು ಸುಣ್ಣದಲ್ಲಿ ಫಲಕದ ಮೇಲೆ ಬರೆದರು, ಕೆಳಗೆ ಹುಲಿಗೆಮ್ಮನ ಹೆಸರು. ಸುದ್ದಿ ಕೇಳಿ ಮಂಗಳವಾರ ಬೆಳಿಗ್ಗೆ ಕಟ್ಟೆಗೆ ಹೋಗಿ ಅದನ್ನು ಓದಿದ ಕ್ಷಣವೇ ನನಗೆ ಎರಡನೇ ಅಯಸ್ಕಾಂತ ನೆನಪಾಯಿತು. ನಲವತ್ತಾರರ ಅರ್ಧ ಇಪ್ಪತ್ಮೂರು. ಆಕೆ ಮಿತಿಯೊಳಗೇ ಇದ್ದಳು.

ನೆಟ್ಟಗೆ ಮರಿಶಾಂತಪ್ಪನ ಮನೆಗೆ ಹೋದೆ. ಅವನು ಹಲ್ಲುಜ್ಜುತ್ತಿದ್ದ. ಹೇಳಿದೆ. ಅವನು ಬಾಯಿ ಮುಕ್ಕಳಿಸಿ, ನಿಧಾನವಾಗಿ ಮುಖ ಒರೆಸಿಕೊಂಡ. "ಅಂದ್ರ ತಪ್ಪು ನಿಂದು." ಹೌದೆಂದೆ. "ಇದನ್ನ ಯಾರಿಗರ ಹೇಳೀಯೇನು?" ಇಲ್ಲವೆಂದೆ. "ಭೇಷ್. ನೋಡು, ಒಂದ್ ಮಾಪಕ ತಪ್ಪಂದ್ರ ಉಳಿದ ಇಪ್ಪತ್ತೆರಡೂ ತಪ್ಪು ಅಂತಾರ. ಆರ ಮಂದಿಗೆ ಶಿಕ್ಷಾ ಕೊಟ್ಟ ಕುಂತೀವಿ, ಅವರೆಲ್ಲಾ ಎದ್ದ ಬರ್ತಾರ. ಸಭಿ ಮುಗೀಲಿ, ಆಮ್ಯಾಲ ಸಾವಕಾಶ ನೋಡೂಣು. ಚಾ ಕುಡೀತಿ?" ನಾನು ಚಹಾ ಕುಡಿದೆ. ಆ ಚಹಾ ಕುಡಿದದ್ದಕ್ಕೆ ನಾನು ನನ್ನನ್ನು ಇವತ್ತಿಗೂ ಕ್ಷಮಿಸಿಲ್ಲ.

ಬುಧವಾರ ಸಭೆ. ಹುಲಿಗೆಮ್ಮ ತನ್ನ ರಿಮೋಟನ್ನು ಸೆರಗಿನಿಂದ ಒರೆಸಿ ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. "ನಲವತ್ತಾರಕ್ಕ ಓಡಿಸಿದ್ರ ಆ ಗಾಡಿ ಮೂರನೇ ದಿಬ್ಬದ ಮ್ಯಾಲ ಪಲ್ಟಿ ಹೊಡೀತಿತ್ರಿ. ಬೇಕಂದ್ರ ನೀವೇ ಓಡಿಸಿ ನೋಡ್ರಿ, ನಾ ಚಪ್ಪಾಳಿ ತಟ್ತೀನಿ" ಎಂದಳು. "ಹಂಗಾರ ಯಂತ್ರ ಸುಳ್ಳ ಹೇಳತೈತೇನು?" ಎಂದ ಮರಿಶಾಂತಪ್ಪ. "ಯಂತ್ರಕ್ಕ ಬಾಯಿ ಎಲ್ಲೈತ್ರಿ ಯಜಮಾನ್ರ? ಅದು ತೋರಿಸ್ತೈತಿ ಅಷ್ಟ. ಹೇಳಾವ್ರು ನೀವು." ಜನ ನಕ್ಕರು. ಅವನಿಗೆ ಅದು ತಾಗಿತು. ನನ್ನ ಕಡೆ ತಿರುಗಿ, ಎಲ್ಲರಿಗೂ ಕೇಳುವಂತೆ, "ಏನಪಾ, ಈಕಿ ಗಾಡಿಗೆ ಮಾಪಕ ಸರಿಯಾಗಿ ಕೂಡ್ರಿಸೀಯಲ್ಲ?" ಎಂದ. ಅವನಿಗೆ ಎಲ್ಲ ಗೊತ್ತಿತ್ತು. ಗೊತ್ತಿದ್ದೇ ಕೇಳಿದ. ಹುಲಿಗೆಮ್ಮ ನನ್ನತ್ತ ನೋಡಿದಳು. ಆ ನೋಟದಲ್ಲಿ ಸಂಶಯದ ಎಳೆಯೂ ಇರಲಿಲ್ಲ, ರೊಟ್ಟಿ ಕೊಟ್ಟ ದಿನ ಹೇಗೆ ನೋಡಿದ್ದಳೋ ಹಾಗೇ. "ಕೂಡ್ರಿಸೇನ್ರಿ" ಎಂದೆ. ಮಾಪಕವನ್ನು ಕೂರಿಸಿದ್ದು ನಿಜವೇ ತಾನೆ ಎಂದು ಒಳಗೊಳಗೆ ಲೆಕ್ಕ ಹಾಕಿಕೊಂಡೆ. ಸುಳ್ಳು ಹೇಳದೆಯೂ ಒಬ್ಬಳ ಕೈ ಕಡಿಯಬಹುದು ಎಂದು ಅವತ್ತು ಕಲಿತೆ. ಸಮಿತಿ ತೀರ್ಮಾನಿಸಿತು: ಮೂರು ತಿಂಗಳು ರಿಮೋಟು ಜಪ್ತಿ, ಆಮೇಲೆ ಮತ್ತೆ ದೂರು ಬಂದರೆ ಕಾಯಂ. ರಿಮೋಟು ಕೊಟ್ಟ ಮೇಲೆ ಅವಳ ಎರಡು ಹೆಬ್ಬೆರಳುಗಳು ಮಡಿಲಲ್ಲಿ ಸುಮ್ಮನೆ ಅತ್ತಿತ್ತ ಆಡುತ್ತಿದ್ದವು.

ದಾವಲಸಾಬನ ಅಂಗಡಿಗೆ ಹೋಗಿ ಕೂತೆ. ಅವನು ಅಂಗಿಯೊಂದಕ್ಕೆ ಕಾಲರು ಹೊಲಿಯುತ್ತಿದ್ದ. ಯಾರಿಗೂ ಹೇಳದ್ದನ್ನು ಅವನಿಗೆ ಹೇಳಿದೆ, ಹೇಗೂ ಅವನ ಬಾಯಿಂದ ಆಚೆ ಹೋಗುವುದಿಲ್ಲವಲ್ಲ ಎಂದು. ಯಂತ್ರ ನಿಂತಿತು. ಅವನು ಎದ್ದು ಬಂದು ನನ್ನೆದುರು ನಿಂತು ಬಾಯಿ ತೆರೆದ. ಕೊರಳಿನ ನರ ಬಿಗಿದವು, ನಾಲಗೆ ಎದ್ದಿತು, ತುಟಿ ನಡುಗಿತು, ಏನೂ ಬರಲಿಲ್ಲ. ಕಣ್ಣಲ್ಲಿ ನೀರು ಬಂತು, ಮಾತು ಬರಲಿಲ್ಲ. ಮೂರು ಸಲ ಹಾಗೆ ಮಾಡಿದ. ಆಮೇಲೆ ನನ್ನ ಕೊರಳಪಟ್ಟಿ ಹಿಡಿದು ಬೀದಿಗೆ ನೂಕಿ ಬಾಗಿಲು ಹಾಕಿಕೊಂಡ. ಎರಡು ವರ್ಷ ನಾನು ಅವನ ಮೌನವನ್ನು ಶಾಂತಿ ಎಂದು ತಿಳಿದು ಅದರ ನೆರಳಲ್ಲಿ ಕೂತಿದ್ದೆ. ಅದರ ಒಳಗೆ ಏನಿದೆ ಎಂದು ಒಂದು ದಿನವೂ ಕೇಳಿಕೊಂಡಿರಲಿಲ್ಲ.

ಅಷ್ಟಾದರೂ ನಾನು ಮೂರು ದಿನ ಮನೆಯಲ್ಲೇ ಇದ್ದೆ.

ಶನಿವಾರ ಮಧ್ಯಾಹ್ನ ಕಟ್ಟೆಯ ಮೈಕಿನಲ್ಲಿ ಕೂಗು ಕೇಳಿತು. ಆಚೆ ದಂಡೆಯಲ್ಲಿ ಕಟ್ಟಿಗೆ ಆಯುತ್ತಿದ್ದ ಹೆಂಗಸಿಗೆ ಹಾವು ಕಚ್ಚಿದೆ, ಅಲ್ಲಿ ವಿಷ ಇಳಿಸುವ ಔಷಧಿಯಿಲ್ಲ. ನಮ್ಮ ದವಾಖಾನೆಯಲ್ಲಿದ್ದ ನಾಲ್ಕೂ ಬಾಟಲಿಗಳನ್ನು, ಈ ಸಲ ಹತ್ತಿ ಸುತ್ತಿ, ಊರಿನಲ್ಲೇ ಗಟ್ಟಿಮುಟ್ಟಾದ ಗಾಡಿಗೆ ಹೇರಿದರು. ಅದು ಹುಲಿಗೆಮ್ಮನ ಗಾಡಿ. ರಿಮೋಟು ಹಿಡಿದವನು ಗುಡದಪ್ಪ. ನಾನು ಓಡಿ ಕಟ್ಟೆ ತಲುಪುವಷ್ಟರಲ್ಲಿ ಗಾಡಿ ಬಯಲಿನಲ್ಲಿತ್ತು. "ಇಪ್ಪತ್ತೈದು ದಾಟಬ್ಯಾಡ" ಎಂದು ಮರಿಶಾಂತಪ್ಪ ಅಳಿಯನ ಬೆನ್ನಿಗೆ ನಿಂತು ಹೇಳುತ್ತಿದ್ದ. ಗುಡದಪ್ಪ ಪರದೆಯ ಮೇಲೆ ಕಣ್ಣು ನೆಟ್ಟು, ಇಪ್ಪತ್ನಾಲ್ಕಕ್ಕೆ ಹಿಡಿದಿದ್ದ. ಇಪ್ಪತ್ನಾಲ್ಕೆಂದರೆ ಹನ್ನೆರಡು. ನಾನು ಕೂಗುವ ಮೊದಲೇ ಗಾಡಿ ಮೆತ್ತನೆಯ ಪಟ್ಟಿಗೆ ಇಳಿಯಿತು, ಮುಗ್ಗರಿಸಿತು, ಹೂತಿತು. ಗಾಬರಿಯಾದ ಗುಡದಪ್ಪ ಗುಂಡಿ ಒತ್ತಿಯೇ ಒತ್ತಿದ. ಗಾಲಿ ಸುತ್ತಿದಷ್ಟೂ ಕುಸಿಯಿತು. ಪರದೆಯ ಮೇಲೆ ಮೋಟರಿನ ಬಿಸಿ ಏರಿತು: ಎಪ್ಪತ್ತೆಂಟು, ಎಂಬತ್ತೊಂಬತ್ತು, ತೊಂಬತ್ತೇಳು. ರಿಮೋಟು ಕೂಗಿಕೊಂಡಿತು, ಅವನು ಕೈಬಿಟ್ಟ. ಗಾಡಿ ಬಯಲಿನ ನಡುವೆ ಓರೆಯಾಗಿ ನಿಂತಿತು. ಆಚೆ ದಂಡೆಯ ಜನ ಸಣ್ಣ ಚುಕ್ಕೆಗಳಂತೆ ಅಂಚಿಗೆ ಬಂದು ಸೇರುತ್ತಿದ್ದರು.

"ಹುಲಿಗೆಮ್ಮನ ಕೈಗೆ ಕೊಡ್ರಿ" ಎಂದು ಯಾರೋ ಕೂಗಿದರು. ಅವಳು ಕಟ್ಟೆಯ ಕೆಳಗೇ ನಿಂತಿದ್ದಳು. "ಶಿಕ್ಷಾ ಮುಗಿದಿಲ್ಲ. ಸಭಿ ಸೇರಿ ಠರಾವು ಆಗಬೇಕು" ಎಂದ ಮರಿಶಾಂತಪ್ಪ. ಅಲ್ಲೊಬ್ಬಳು ಸಾಯುತ್ತಿದ್ದಾಳೆ, ಇಲ್ಲಿ ಈತನಿಗೆ ಠರಾವು ಬೇಕು! ತಪ್ಪು ನನ್ನದು, ನಾನೇ ಇಳಿದು ಗಾಡಿ ಎತ್ತಿಕೊಂಡು ಹೋಗುತ್ತೇನೆ ಎಂದುಕೊಂಡೆ. ಚಪ್ಪಲಿ ಕಳಚಿದೆ. ಎದೆ ಹಗುರಾಯಿತು. ಅಂಚಿಗೆ ಎರಡು ಹೆಜ್ಜೆಯಿತ್ತು, ಹಿಂದಿನಿಂದ ಯಾರೋ ನನ್ನ ಅಂಗಿ ಹಿಡಿದು ಜಗ್ಗಿದರು. ಹುಲಿಗೆಮ್ಮ.

"ಎಲ್ಲಿಗೆ ಹೊಂಟಿ?"

"ತಪ್ಪು ನಂದಕ್ಕಾ. ನಿನ್ನ ಗಾಲಿಗೆ ಎರಡು ಅಯಸ್ಕಾಂತ ಅದಾವ. ಅದು ತೋರಿಸಿದ್ದೆಲ್ಲಾ ಎರಡಪಟ್ಟು. ಮಂಗಳವಾರನ ಗೊತ್ತಾಗಿತ್ತು. ಬಿಡು, ನಾ ಇಳೀತೀನಿ."

ಅವಳು ಬಿಡಲಿಲ್ಲ. "ಇಳೀತಿ? ಇಳಿದ್ರ ನಿಂದೇನ ಹೋಗತೈತೋ? ಮೊದಲ ಮಾತಾಡಾವಲ್ಲ ನೀನು. ಇಳಿದ ಬಂದ್ರ ಇನ್ನ ಯಾರೂ ನಿನ್ನ ಏನೂ ಕೇಳಂಗಿಲ್ಲ, ಹೌದಲ್ಲ? ದೊಡ್ಡ ತ್ಯಾಗ ಮಾಡ್ದಾಂವ ಅಂತ ಹಾರ ಹಾಕ್ತಾರ, ನಾ ಮಾತ್ರ ಕಳ್ಳಿ ಆಗಿ ಉಳೀತೀನಿ." ಅಂಗಿ ಹಿಡಿದೇ ಕಟ್ಟೆಯ ಕಡೆ ತಿರುಗಿಸಿದಳು. "ಬಾಯಿ ಐತಲ್ಲ ಇನ್ನೂ? ಮ್ಯಾಲ ಹತ್ತು. ಅದನ್ನ ಅಲ್ಲಿ ನಿಂತ ಹೇಳು."

ಬಯಲಿಗಿಳಿಯುವುದಕ್ಕಿಂತ ಆ ಐದು ಮೆಟ್ಟಿಲು ಹತ್ತುವುದು ಕಷ್ಟವಾಯಿತು. ಮೈಕು ಹಿಡಿದೆ. ಅದರ ಧ್ವನಿ ಎರಡೂ ದಂಡೆಗೆ ಕೇಳುತ್ತದೆ. ನನ್ನದೇ ಧ್ವನಿ ಬಯಲು ದಾಟಿ, ಆಚೆ ಗುಡ್ಡಕ್ಕೆ ತಾಗಿ ಮರಳಿ ಬಂದಾಗ, ಇದು ಯಾರದು ಅನ್ನಿಸಿತು. ಎಲ್ಲ ಹೇಳಿದೆ. ಎರಡನೇ ಅಯಸ್ಕಾಂತ, ನಾನು ಮರೆತದ್ದು, ಇಪ್ಪತ್ಮೂರು ನಲವತ್ತಾರಾದದ್ದು, ಮಂಗಳವಾರ ಮರಿಶಾಂತಪ್ಪನಿಗೆ ತಿಳಿಸಿದ್ದು, ಅವನು ಕೊಟ್ಟ ಚಹಾ, ಬುಧವಾರ ನಾನು ಹೇಳಿದ ಅರ್ಧ ಮಾತು, ಹುಲ್ಲಿಲ್ಲದ ಪೆಟ್ಟಿಗೆ. "ಸುಳ್ಳು! ಅಂವಗ ತಲಿ ಕೆಟ್ಟೈತಿ!" ಎಂದು ಮರಿಶಾಂತಪ್ಪ ಮೈಕಿನ ತಂತಿಗೆ ಕೈಹಾಕಿದ. ತಂತಿಯ ಹತ್ತಿರ ದಾವಲಸಾಬ ಬಂದು ನಿಂತಿದ್ದ, ಕೈಯಲ್ಲಿ ಕತ್ತರಿಯಿತ್ತು. ಮರಿಶಾಂತಪ್ಪ ಕೈ ಹಿಂದಕ್ಕೆ ತೆಗೆದ.

ಇದೆಲ್ಲ ಕೇಳುತ್ತ ನಿಲ್ಲಲು ಹುಲಿಗೆಮ್ಮನಿಗೆ ಹೊತ್ತಿರಲಿಲ್ಲ. ಗುಡದಪ್ಪನ ಕೊರಳಿನಿಂದ ತನ್ನ ರಿಮೋಟು ಎತ್ತಿಕೊಂಡಿದ್ದಳು. ಅವನು, ಪಾಪ, ತಲೆ ಬಗ್ಗಿಸಿಕೊಟ್ಟ. ಎಲ್ಲರೂ ಓಡಿಸು ಓಡಿಸು ಎಂದು ಕಿರುಚುತ್ತಿದ್ದರೆ ಅವಳು ಗುಂಡಿ ಮುಟ್ಟದೆ ನಿಂತಳು. "ಬಾಯಿ ಮುಚ್ಚರಿ. ಜ್ವರ ಇಳೀಲಿ." ನನಗೆ, "ಡಿಗ್ರಿ, ಓದು" ಎಂದಳು. ನಾನು ಅವಳ ಹೆಗಲ ಮೇಲಿಂದ ಓದಿದೆ. ತೊಂಬತ್ತೊಂದು. ಎಂಬತ್ತಾರು. ಎಪ್ಪತ್ತೊಂಬತ್ತು. ಮೋಟರು ತಣಿಯುವುದಕ್ಕೆ ಹೊತ್ತು ಬೇಕೆಂದು ನನಗೆ ಪುಸ್ತಕದಿಂದ ಗೊತ್ತಿತ್ತು. ಅದು ಎಷ್ಟು ಹೊತ್ತು ಎಂದು ಅವತ್ತು ತಿಳಿಯಿತು. ಅರವತ್ತಕ್ಕೆ ಬಂದಾಗ ಅವಳು ಕೂದಲೆಳೆಯಷ್ಟು ಹಿಂದಕ್ಕೆ ಎಳೆದಳು, ಬಿಟ್ಟಳು, ಮತ್ತೆ ಹಿಂದಕ್ಕೆ. ತೊಟ್ಟಿಲು ತೂಗಿದಂತೆ ಆರೇಳು ಸಲ. ಗಾಲಿ ತನ್ನದೇ ಗುಂಡಿಯ ಅಂಚಿಗೆ ಏರಿ ಕೂತಾಗ ಹೆಬ್ಬೆರಳನ್ನು ಪೂರ್ತಿ ಒತ್ತಿದಳು. ಗಾಡಿ ಉಸುಕು ಚಿಮ್ಮಿಸಿ ಜಿಗಿಯಿತು.

"ಎಷ್ಟು?" ಎಂದಳು. "ಐವತ್ತೆಂಟು ತೋರಸ್ತೈತಿ. ಇಪ್ಪತ್ತೊಂಬತ್ತು" ಎಂದೆ. "ಬಿಸಿ?" "ಎಪ್ಪತ್ತು." "ಸಾಕು, ಮುಟ್ಟತೈತಿ." ಮುಟ್ಟಿತು. ಆಚೆ ದಂಡೆಯ ಚುಕ್ಕೆಗಳು ಗಾಡಿಯ ಮೇಲೆ ಮುಗಿಬಿದ್ದು, ಒಂದು ಚುಕ್ಕೆ ಪೆಟ್ಟಿಗೆಯೊಡನೆ ಊರೊಳಕ್ಕೆ ಓಡಿತು.

ಆಚೆಯ ಸುದ್ದಿಗೆ ಕಾಯುತ್ತ ಅರ್ಧ ಗಂಟೆಯಾಗಿತ್ತು. ಆಗ ಮರಿಶಾಂತಪ್ಪ ಗಂಟಲು ಸರಿಮಾಡಿಕೊಂಡ. ಇಂಥ ಹೊತ್ತಿನಲ್ಲಿ ಒಬ್ಬ ಮನುಷ್ಯ ಏನು ಹೇಳಬಹುದೆಂದು ನಾನು ಎಷ್ಟೋ ಊಹಿಸಬಲ್ಲೆ; ಇದನ್ನು ಊಹಿಸಿರಲಿಲ್ಲ. "ಅದೆಲ್ಲಾ ಖರೇ ಇರಲಿ. ಇವನ ಲೆಕ್ಕಾನ ಹಿಡಿದ್ರೂ ಇಪ್ಪತ್ತೊಂಬತ್ತು ಆತು. ಮಿತಿ ಇಪ್ಪತ್ತೈದು. ನಿಯಮ ನಿಯಮಾನ. ಬರಕೋರಿ, ಎರಡನೇ ತಪ್ಪು." ನನ್ನ ಕೈಯಲ್ಲಿ ಮೈಕು ಇನ್ನೂ ಹಚ್ಚಿಯೇ ಇತ್ತು. ಅವನ ಮಾತು ಒಂದಕ್ಷರ ಬಿಡದೆ ಬಯಲು ದಾಟಿಹೋಯಿತು.

ಆಚೆ ದಂಡೆಗೂ ಒಂದು ಮೈಕಿದೆ. ಅದು ಕರಕರ ಎಂದಿತು. ಮುದುಕಿಯೊಬ್ಬಳ ಧ್ವನಿ, ಏದುಸಿರಿನ ನಡುವೆ, ಆದರೆ ಸ್ಪಷ್ಟವಾಗಿ ಬಂತು. "ಔಷಧ ಮುಟ್ಟೈತ್ರಿ. ಸೂಜಿ ಹಾಕ್ಯಾರ, ಕಣ್ಣ ತಗದಾಳ. ಗಾಡಿ ಹೊಡದಾಕಿ ತಾಯಿ ಹೊಟ್ಟಿ ತಣ್ಣಗಿರಲಿ." ಆಮೇಲೆ, "ಮತ್ತ ಆ ಇಪ್ಪತ್ತೈದು ಅಂದಾಂವ ಯಾರದಾನ್ರೀ? ಅವನ್ನ ಈ ಕಡೆ ಕಳಸ್ರಿ. ನಡಕೊಂತ ಬರಲಿ."

ಮರಿಶಾಂತಪ್ಪ ಬಯಲಿನ ಅಂಚಿನಿಂದ ಎರಡು ಹೆಜ್ಜೆ ಹಿಂದಕ್ಕೆ ಸರಿದ. ಯಾರೂ ಅವನನ್ನು ಮುಟ್ಟಿರಲಿಲ್ಲ. ಹುಲಿಗೆಮ್ಮ ಅತ್ತ ನೋಡಲೂ ಇಲ್ಲ. ಖಾಲಿ ಗಾಡಿಯನ್ನು ಮರಳಿ ತರಬೇಕಿತ್ತು, ಕಣ್ಣು ಕಿರಿದು ಮಾಡಿ ರಿಮೋಟು ಎದೆಮಟ್ಟಕ್ಕೆ ಎತ್ತಿದಳು. ಅದನ್ನು ಕೊಡು ಎಂದು ಯಾರೂ ಕೈಯೊಡ್ಡಲಿಲ್ಲ.